ಗರಿಗರಿಯಕ್ಕನಿಗೆ ಅರವತ್ತಾದ ಬಗೆ

ವಯಸ್ಸು ಇಳಿಸಿ ಹೇಳುವ ಹೆಂಗಸರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ನನಗೆ ವಯಸ್ಸು ಜಾಸ್ತಿ, ನೀವೇ ಕಡಿಮೆ ಬರೆದುಕೊಂಡಿದ್ದೀರಿ ಎಂದು ಕಚೇರಿಯ ಕಿಟಕಿ ಮುಂದೆ ನಿಂತು ಜಗಳ ತೆಗೆದವಳು ಮಾತ್ರ ಒಬ್ಬಳೇ. ಅವಳೇ ಗರಿಗರಿಯಕ್ಕ.

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಲಾಂಡ್ರಿ ಇದೆ. ಮೇಲಿನ ಐದು ಮಹಡಿಗಳಲ್ಲಿ ರೋಗಿಗಳು ಮಲಗಿ ಎದ್ದ ಬೆಡ್‌ಶೀಟು, ದಿಂಬಿನ ಕವರು, ಡಾಕ್ಟರರ ಬಿಳಿ ಕೋಟು, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲವೂ ಲಿಫ್ಟಿನಲ್ಲಿ ಗಂಟುಗಂಟಾಗಿ ಇಳಿದು ಅಲ್ಲಿಗೆ ಬರುತ್ತವೆ. ಒಂದು ಕಡೆ ಒಗೆಯುವ ಯಂತ್ರಗಳು, ಇನ್ನೊಂದು ಕಡೆ ಹಬೆಯ ರೋಲರು, ಅದರ ಪಕ್ಕ ಉದ್ದನೆಯ ಇಸ್ತ್ರಿ ಮೇಜು. ಆ ಮೇಜಿನ ಹಿಂದೆ ಇಪ್ಪತ್ತೊಂಬತ್ತು ವರ್ಷ ನಿಂತವಳು ಇವಳು. ಇವಳ ಕೈ ದಾಟಿದ ಬೆಡ್‌ಶೀಟು ಹೊಸ ನೋಟಿನ ಹಾಗೆ ಗರಿಗರಿ. ಮಾತೂ ಅಷ್ಟೇ ಗರಿಗರಿ. ಹಾಗಾಗಿ ಲಾಂಡ್ರಿಯವರು ಇಟ್ಟ ಹೆಸರು ವಾರ್ಡುಗಳಿಗೂ ಹತ್ತಿ, ಕೊನೆಗೆ ಬೀದಿಯವರ ಬಾಯಲ್ಲೂ ಅದೇ ನಿಂತಿತು.

ಅವಳಿಗೆ ಆ ಕೆಲಸದಲ್ಲಿ ಒಂದೇ ಒಂದು ಹೊಟ್ಟೆನೋವು. ಇಷ್ಟು ವರ್ಷ ಇಷ್ಟು ಬಟ್ಟೆಗೆ ಇಸ್ತ್ರಿ ಹಾಕಿದರೂ ಒಂದರ ವಾರಸುದಾರನನ್ನೂ ಅವಳು ಕಂಡಿಲ್ಲ. ಬೆಡ್‌ಶೀಟಿನ ಮೂಲೆಯಲ್ಲಿ ವಾರ್ಡಿನ ನಂಬರು, ಕೋಟಿನ ಕಾಲರಿನ ಒಳಗೆ ಇನ್ನೊಂದು ನಂಬರು. ಮೇಲೆ ಹೋಯಿತು, ಕೊಳೆಯಾಯಿತು, ಕೆಳಗೆ ಬಂತು, ಅಷ್ಟೇ. "ಹೆಣಕ್ಕೆ ಹೊದಿಸಿದ್ದೂ ನನ್ನ ಇಸ್ತ್ರಿಯದೇ, ಹುಟ್ಟಿದ ಮಗು ಸುತ್ತಿದ್ದೂ ನನ್ನ ಇಸ್ತ್ರಿಯದೇ. ಇಬ್ಬರಲ್ಲಿ ಒಬ್ಬರಾದ್ರೂ ಚೆನ್ನಾಗಿದೆ ಅಂದ್ರಾ?" ಎಂದು ಅವಳು ಕೇಳುವುದು, ಪಕ್ಕದ ಒಗೆಯುವ ಯಂತ್ರದ ಸೋಪಿನಕ್ಕ ಬಿದ್ದುಬಿದ್ದು ನಗುವುದು. ನಗಿಸುವುದಕ್ಕೆ ಹೇಳಿದ ಮಾತೇ ಅದು. ಆದರೆ ಒಳಗೆ ಅದು ನಿಜವಾಗಿಯೂ ಚುಚ್ಚುತ್ತಿತ್ತು. ಒಬ್ಬ ಮನುಷ್ಯ ತನ್ನ ಅಂಗಿ ತಾನೇ ತಂದು ಕೊಡಬೇಕು, ತಾನೇ ಬಂದು ಒಯ್ಯಬೇಕು, ಒಯ್ಯುವಾಗ ಅದನ್ನು ನೋಡಿ ಅವನ ಮುಖ ಅರಳಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟು.

ಅದಕ್ಕೆ ಅವಕಾಶವೂ ಕಾಲಿಗೇ ತೊಡರಿತು. ಅವಳ ಬೀದಿಯ ಕೊನೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ತಾತ ಮಗಳ ಊರಿಗೆ ಹೊರಟು ನಿಂತ. ಅಂಗಡಿಗೆ ಒಂದು ಬೆಲೆ, ಒಳಗಿದ್ದ ಹಬೆಯ ಇಸ್ತ್ರಿ ಯಂತ್ರಕ್ಕೆ ಇನ್ನೊಂದು ಬೆಲೆ. "ನಿನಗೆ ಅಂತ ತಿಂಗಳ ಕೊನೆ ತನಕ ಕಾಯ್ತೀನಮ್ಮಾ. ಆಮೇಲೆ ಚಪ್ಪಲಿ ಅಂಗಡಿಯವನು ಕೇಳ್ತಿದಾನೆ, ಅವನಿಗೆ ಕೊಟ್ಬಿಡ್ತೀನಿ" ಎಂದ. ಗರಿಗರಿಯಕ್ಕನ ಹತ್ತಿರ ಇದ್ದದ್ದು ಸಂಬಳದಲ್ಲಿ ಪ್ರತಿ ತಿಂಗಳೂ ಮುರಿದುಕೊಂಡು ನಿವೃತ್ತಿಗೆಂದು ಕೂಡಿಟ್ಟ ಫಂಡು ಒಂದೇ. ಅದು ಪೂರ್ತಿ ಬಂದರೆ ಅಂಗಡಿಯೂ ಯಂತ್ರವೂ ಎರಡೂ ದಕ್ಕುತ್ತಿದ್ದವು. ಆದರೆ ಫಂಡಿನ ನಿಯಮ ಹೀಗಿತ್ತು: ಅರವತ್ತು ತುಂಬಿದವರಿಗೆ ಪೂರ್ತಿ ದುಡ್ಡು, ಅದಕ್ಕೆ ಮುಂಚೆ ಕೈ ಹಾಕಿದರೆ ಹತ್ತರಲ್ಲಿ ಒಂದು ಪಾಲು ದಂಡ. ದಂಡ ಹೋದರೆ ಉಳಿಯುವುದರಲ್ಲಿ ಅಂಗಡಿ ಬರುತ್ತಿತ್ತು, ಯಂತ್ರ ಬರುತ್ತಿರಲಿಲ್ಲ. ಯಂತ್ರ ಇಲ್ಲದ ಇಸ್ತ್ರಿ ಅಂಗಡಿ ಇಟ್ಟುಕೊಂಡು ನೊಣ ಹೊಡೆಯಬೇಕೇ, ನೀವೇ ಹೇಳಿ.

ಸಾಲದ್ದಕ್ಕೆ ಫಂಡಿನ ಪುಸ್ತಕದಲ್ಲಿ ಅವಳ ವಯಸ್ಸು ಐವತ್ತಾರು.

ಸೋಪಿನಕ್ಕ ನಿಯಮದ ಪುಸ್ತಕ ತರಿಸಿ ಊಟದ ಹೊತ್ತಿನಲ್ಲಿ ಓದಿದಳು. ದಂಡವಿಲ್ಲದೆ ಮೊದಲೇ ತೆಗೆಯಲು ದೊಡ್ಡ ಕಾಯಿಲೆ ಇರಬೇಕು, ಇಲ್ಲವೇ ದುಡಿಯಲಾಗದಷ್ಟು ಕೈಕಾಲು ಹೋಗಿರಬೇಕು. "ಕಾಯಿಲೆ ಬರಿಸ್ಕೊಳ್ಳೇ. ಇಷ್ಟು ದೊಡ್ಡ ಆಸ್ಪತ್ರೆ ತಲೆ ಮೇಲಿದೆ, ನಿನಗೊಂದು ಕಾಯಿಲೆ ಸಿಗಲ್ವಾ?" ಎಂದಳು.

ಇಬ್ಬರೂ ಮೂರನೇ ಮಹಡಿಯ ಮೂಳೆ ಡಾಕ್ಟರ ಹತ್ತಿರ ಹೋದರು. ಆತನ ಕೋಟಿನ ನಂಬರು ಗರಿಗರಿಯಕ್ಕನಿಗೆ ಬಾಯಿಪಾಠ. ಡಾಕ್ಟರು ಮಂಡಿ ಒತ್ತಿದರು, ಹೆಗಲು ತಿರುಗಿಸಿದರು, ಬೆನ್ನು ಬಗ್ಗಿಸಿದರು. ಕೊನೆಗೆ, "ಏನಮ್ಮಾ ಇದು, ನನ್ನ ಮಂಡಿಗಿಂತ ನಿಮ್ಮದೇ ಚೆನ್ನಾಗಿದೆ!" ಎಂದು ಬೆನ್ನು ತಟ್ಟಿ ಕಳಿಸಿದರು. ಜನ್ಮದಲ್ಲಿ ಮೊದಲ ಸಲ ಅವಳಿಗೆ ತನ್ನ ಆರೋಗ್ಯದ ಮೇಲೆ ಸಿಟ್ಟು ಬಂತು. ಮಾರನೆಯ ದಿನ ಕುಂಟತೊಡಗಿದಳು. ಮೇಲ್ವಿಚಾರಕ ನೋಡಲಿ, ಬರೆದುಕೊಳ್ಳಲಿ ಎಂದು ಅವನ ಮೇಜಿನ ಮುಂದೆಯೇ ನಾಲ್ಕು ಸಲ ಓಡಾಡಿದಳು. ಸಂಜೆ ಸೋಪಿನಕ್ಕ ಕಿವಿಯ ಹತ್ತಿರ ಬಂದು, "ಲೇ, ಬೆಳಿಗ್ಗೆ ಬಲಗಾಲು ಕುಂಟ್ತಿದ್ದೆ, ಈಗ ಎಡಗಾಲು. ಒಂದನ್ನ ಇಟ್ಕೋ" ಎಂದಳು. ಅಲ್ಲಿಗೆ ಕುಂಟುವ ಕೆಲಸಕ್ಕೂ ಎಳ್ಳುನೀರು.

"ಹೋಗ್ಲಿ ಬಿಡೇ" ಎಂದಳು ಸೋಪಿನಕ್ಕ, ಒದ್ದೆ ಕೈ ಒರೆಸಿಕೊಳ್ಳುತ್ತ. "ಇನ್ನು ನಾಲ್ಕು ವರ್ಷಕ್ಕೆ ಹೇಗೂ ಅರವತ್ತಾಗುತ್ತೆ ನಿನಗೆ."

"ಆಗಿದೆ" ಎಂದಳು ಗರಿಗರಿಯಕ್ಕ. ಬಾಯಿ ತಪ್ಪಿ ಬಂದುಬಿಟ್ಟಿತು. "ನಾಲ್ಕು ತಿಂಗಳಾಯ್ತು ಆಗಿ."

ಹೌದು, ಆಗಿತ್ತು. ಆ ಸುದ್ದಿ ಗೊತ್ತಿದ್ದವರು ಭೂಮಿಯ ಮೇಲೆ ಇಬ್ಬರೇ, ಒಬ್ಬಳು ಅವಳು, ಇನ್ನೊಬ್ಬಳು ತೀರಿಹೋದ ಅವಳ ಅಮ್ಮ. ಮೂವತ್ತೊಂದು ವರ್ಷದ ಹಿಂದೆ ಮದುವೆಯ ಮಾತುಕತೆ ನಡೆಯುತ್ತಿದ್ದಾಗ ಗಂಡಿನ ವಯಸ್ಸು ಮೂವತ್ತೊಂದು ಎಂದು ಬಂದಿತ್ತು. ಅವಳಿಗೆ ಇಪ್ಪತ್ತೊಂಬತ್ತು. "ಇಪ್ಪತ್ತೊಂಬತ್ತು ಅಂದ್ರೆ ಇಷ್ಟು ದಿನ ಯಾಕೆ ಆಗ್ಲಿಲ್ಲ ಅಂತ ನೂರೆಂಟು ಕೇಳ್ತಾರೆ. ಇಪ್ಪತ್ತೈದು ಅಂತೀನಿ. ನೀನು ತುಟಿಪಿಟಕ್ ಅಂದ್ರೆ ನೋಡು" ಎಂದು ಅಮ್ಮ ಕಣ್ಣು ಬಿಟ್ಟಳು. ಮಗಳು ತುಟಿ ಬಿಚ್ಚಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ಮನೆಯೊಳಗಿನ ಮಾತು ಮನೆಯೊಳಗೇ ಇರುತ್ತಿತ್ತು. ಎರಡು ವರ್ಷದ ಮೇಲೆ ಲಾಂಡ್ರಿಗೆ ಸೇರುವಾಗ ಫಂಡಿನ ಅರ್ಜಿ ಬಂತು. ಗಂಡನ ಅಕ್ಷರ ಮುತ್ತಿನಂತಿತ್ತು, ಹಾಗಾಗಿ ಅವರೇ ತುಂಬಲು ಕೂತರು. ವಯಸ್ಸಿನ ಜಾಗದಲ್ಲಿ ಸ್ವಲ್ಪವೂ ಅನುಮಾನವಿಲ್ಲದೆ ಇಪ್ಪತ್ತೇಳು ಎಂದು ಬರೆದರು. ಇವಳು ಹಿಂದೆಯೇ ನಿಂತಿದ್ದಳು. ಬಾಯಿ ತೆರೆದಳು, ಮುಚ್ಚಿಕೊಂಡಳು. ಆ ಹೊತ್ತು ಮುಚ್ಚಿಕೊಂಡ ಬಾಯಿಗೆ ಈಗ ಹತ್ತರಲ್ಲಿ ಒಂದು ಪಾಲು ದಂಡ.

ಮಾರನೆಯ ದಿನ ಫಂಡಿನ ಕಚೇರಿಗೆ ಹೋದಳು. ಕಿಟಕಿಯ ಹಿಂದೆ ದಪ್ಪ ಕನ್ನಡಕದ ಒಬ್ಬ ಹುಡುಗಿ ಗುಮಾಸ್ತೆ.

"ನನಗೆ ಅರವತ್ತು ತುಂಬಿದೆ, ಪೂರ್ತಿ ದುಡ್ಡು ಕೊಡಿ."

"ನಿಮಗೆ ಐವತ್ತಾರು ಅಮ್ಮಾ."

"ಯಾರು ಹೇಳಿದ್ದು?"

"ನೀವೇ. ಇಲ್ಲಿ ಸಹಿ ಇದೆ."

"ಸಹಿ ನಂದು, ಸುಳ್ಳು ನಮ್ಮಮ್ಮಂದು!" ಎಂದು ಗರಿಗರಿಯಕ್ಕ ಕಿಟಕಿಯ ಹಲಗೆ ಕುಟ್ಟಿದಳು. ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. "ನನ್ನ ಮುಖ ನೋಡಿ ಹೇಳಿ, ಇದು ಐವತ್ತಾರರ ಮುಖಾನಾ?" ಹುಡುಗಿ ಮುಖ ನೋಡಿದಳು. ಹೌದು ಎಂದರೂ ಕಷ್ಟ, ಇಲ್ಲ ಎಂದರೂ ಕಷ್ಟ. ಕೊನೆಗೆ ಕನ್ನಡಕ ಸರಿಮಾಡಿಕೊಂಡು, "ಎಲ್ರೂ ಇಳಿಸೋಕೆ ಬರ್ತಾರೆ, ನೀವು ಏರಿಸೋಕೆ ಬಂದಿದೀರಿ. ಹುಟ್ಟಿದ ಆಸ್ಪತ್ರೆಯ ದಾಖಲೆ ತನ್ನಿ" ಎಂದು ಒಂದು ತಿದ್ದುಪಡಿ ಅರ್ಜಿ ಕೊಟ್ಟಳು.

ಹುಟ್ಟಿದ ಆಸ್ಪತ್ರೆ! ಆ ಊರಿನಲ್ಲಿ ಹುಟ್ಟಿದವರೆಲ್ಲ ಹುಟ್ಟಿದ್ದು ದೊಡ್ಡಾಸ್ಪತ್ರೆಯಲ್ಲೇ. ಹಳೆಯ ದಾಖಲೆಗಳ ಕೋಣೆ ಇದ್ದದ್ದೂ ನೆಲಮಾಳಿಗೆಯಲ್ಲೇ, ಅವಳ ಇಸ್ತ್ರಿ ಮೇಜಿನಿಂದ ಮೂವತ್ತು ಹೆಜ್ಜೆ. ಅದನ್ನು ಕಾಯುವವನು ಕಡತದಣ್ಣ, ಕೆಮ್ಮಿದರೂ ಧೂಳು ಹಾರುವ ಮನುಷ್ಯ. ಅವನ ಕೋಣೆಯ ಧೂಳೊರೆಸಲು ಹತ್ತು ವರ್ಷದಿಂದ ಗುಟ್ಟಾಗಿ ಹಳೆ ಬಟ್ಟೆ ಕೊಟ್ಟ ಋಣ ಇತ್ತಲ್ಲ, ಅರ್ಧ ಗಂಟೆಯಲ್ಲಿ ಹೆರಿಗೆಯ ರಿಜಿಸ್ಟರು ಹುಡುಕಿ ತೆಗೆದ. ಅಮ್ಮನ ಹೆಸರು, ಅಪ್ಪನ ಹೆಸರು, "ಹೆಣ್ಣು ಮಗು", ತೂಕ, ತಾರೀಖು. ಅರವತ್ತು ವರ್ಷ ನಾಲ್ಕು ತಿಂಗಳು. ಗರಿಗರಿಯಕ್ಕನಿಗೆ ಕಣ್ಣು ತುಂಬಿ ಬಂತು. ತಾನು ಹುಟ್ಟಿದ್ದು ನಿಜ ಎಂದು ಅದುವರೆಗೆ ಯಾರೂ ಬರೆದು ತೋರಿಸಿರಲಿಲ್ಲ. ಕಡತದಣ್ಣ ನಕಲು ಬರೆದು ಮೊಹರು ಒತ್ತಿಕೊಟ್ಟ. "ಯಾರಿಗೂ ಹೇಳ್ಬೇಡ" ಎಂದಳು. "ಅರವತ್ತು ವರ್ಷ ಇಟ್ಕೊಂಡಿದೀನಿ, ಯಾರಿಗಾದ್ರೂ ಹೇಳಿದೀನಾ?" ಎಂದ ಅವನು.

ಗೆದ್ದೆ ಎಂದುಕೊಂಡು ಅರ್ಜಿಯ ಹಿಂಬದಿ ತಿರುಗಿಸಿದಳು. ವಯಸ್ಸು ತಿದ್ದಬೇಕಾದರೆ ಫಂಡಿನ ನಾಮಿನಿ, ಎಂದರೆ ಗಂಡ, ಎಲ್ಲವನ್ನೂ ಓದಿ ತಿಳಿದಿದ್ದೇನೆ ಎಂದು ಸಹಿ ಹಾಕಬೇಕಿತ್ತು.

ಆ ಗಂಡನ ವಿಚಾರ ಈಗ ಹೇಳಲೇಬೇಕು. ಮೂವತ್ತೊಂಬತ್ತು ವರ್ಷ ಸಿಟಿ ಬಸ್ಸು ಓಡಿಸಿ ಎರಡು ವರ್ಷದ ಹಿಂದೆ ಅರವತ್ತಕ್ಕೆ ನಿವೃತ್ತರಾಗಿ ಮನೆಯಲ್ಲಿ ಕೂತವರು, ಬೀದಿಯವರಿಗೆಲ್ಲ ಡ್ರೈವರ್ ಸಾಹೇಬರು. ಒಳ್ಳೆಯವರೇ. ನಿವೃತ್ತಿಯ ದುಡ್ಡನ್ನು ಮಗಳ ಓದಿಗೂ ಸೋರುವ ಸೂರಿಗೂ ಲೆಕ್ಕ ನೋಡದೆ ಸುರಿದರು. ಆದರೆ ವಯಸ್ಸಿನ ದರ್ಬಾರು ಮಾತ್ರ ಹೇಳತೀರದು. ಕಿಟಕಿಯ ಪಕ್ಕದ ಕುರ್ಚಿ ಅವರದೇ, ಮೊದಲ ಲೋಟ ಚಹಾ ಅವರಿಗೇ. ತರಕಾರಿಯ ಚೀಲ ಎತ್ತಿ ಎಂದರೆ, "ಅರವತ್ತೆರಡು ಕಣೇ ನನಗೆ!" ವಾದ ಸೋಲುವ ಹಾಗಾದರೆ, "ನಿನಗಿಂತ ಆರು ವರ್ಷ ಜಾಸ್ತಿ ಲೋಕ ಕಂಡಿದೀನಿ, ಸುಮ್ನಿರು." ಅವಳು ಸುಮ್ಮನಾಗುತ್ತಿದ್ದಳು. ಆರಲ್ಲ ಮಾರಾಯರೇ, ಎರಡೇ ಎರಡು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಸುಮ್ಮನಾಗುತ್ತಿದ್ದಳು.

ಇನ್ನೊಂದು ವಿಷಯ. ಸಾಹೇಬರು ಓದದೆ ಸಹಿ ಹಾಕುವ ಆಸಾಮಿಯೇ ಅಲ್ಲ. ಡಿಪೋದಲ್ಲಿ ಹಿಂದೊಮ್ಮೆ ಓದದೆ ಸಹಿ ಮಾಡಿ, ತಾವು ಒಡೆಯದ ಬಸ್ಸಿನ ಗಾಜಿಗೆ ಸಂಬಳದಿಂದ ದುಡ್ಡು ತೆತ್ತಿದ್ದರು. ಅಂದಿನಿಂದ ಮಾತ್ರೆಯ ಡಬ್ಬಿಯೊಳಗಿನ ಸಣ್ಣಕ್ಷರದ ಚೀಟಿಯನ್ನೂ ಅಡಿಯವರೆಗೆ ಓದದೆ ನೀರು ಕುಡಿಯುತ್ತಿರಲಿಲ್ಲ.

ಗರಿಗರಿಯಕ್ಕ ಅವರ ಕನ್ನಡಕವನ್ನು ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟಳು. ಆಮೇಲೆ ಮುಖ ಸಪ್ಪೆ ಮಾಡಿಕೊಂಡು ಅರ್ಜಿ ಹಿಡಿದು ಬಂದಳು. "ರೀ, ಫಂಡಿನ ಕಾಗದ, ಇಲ್ಲೊಂದು ಸಹಿ ಹಾಕಿ."

"ಕನ್ನಡಕ ಎಲ್ಲಿ?"

"ಆಮೇಲೆ ಹುಡುಕೋಣ, ಮೊದಲು ಸಹಿ."

"ಹಾಗಾದ್ರೆ ನೀನೇ ಓದು."

ಅವಳು ಗಂಟಲು ಸರಿಮಾಡಿಕೊಂಡಳು. "ಈ ಮೂಲಕ ತಿಳಿಸುವುದೇನೆಂದರೆ, ನನ್ನ ಹೆಂಡತಿ ಬಹಳ ವರ್ಷ ನಿಂತುಕೊಂಡೇ ದುಡಿದಿದ್ದಾಳೆ. ಅವಳ ದುಡ್ಡು ಅವಳಿಗೆ ಕೊಟ್ಟುಬಿಡಿ. ಇಂತಿ."

ಸಾಹೇಬರು ಕಣ್ಣು ಕಿರಿದು ಮಾಡಿದರು. "ಸರ್ಕಾರಿ ಕಾಗದ ಇಷ್ಟು ಸಲೀಸಾಗಿ ಅರ್ಥ ಆಗಲ್ಲ ಕಣೇ. ಕನ್ನಡಕ ಸಿಗೋ ತನಕ ಸಹಿ ಇಲ್ಲ."

ಎರಡು ದಿನ ಕನ್ನಡಕ ಸಿಗಲಿಲ್ಲ. ಮೂರನೆಯ ದಿನ ರೊಟ್ಟಿಗೆ ಹಿಟ್ಟು ತೆಗೆಯಲು ಸಾಹೇಬರೇ ಕೈ ಹಾಕಿದರು. ಹಿಟ್ಟು ಮೆತ್ತಿದ ಕನ್ನಡಕವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಹುಬ್ಬು ಏರಿತ್ತು. ತಿಂಗಳು ಮುಗಿಯಲು ಇನ್ನು ಎಂಟು ದಿನ.

ಗರಿಗರಿಯಕ್ಕ ಕೂತುಬಿಟ್ಟಳು. ಇನ್ನು ಬಚ್ಚಿಡಲು ಡಬ್ಬಿ ಉಳಿದಿರಲಿಲ್ಲ. "ರೀ, ಒಂದು ಮಾತು ಹೇಳ್ತೀನಿ, ಬೈಬೇಡಿ" ಎಂದು ಶುರುಮಾಡಿ, ಅಮ್ಮನಿಂದ ಹಿಡಿದು ರಿಜಿಸ್ಟರಿನವರೆಗೆ ಎಲ್ಲ ಹೇಳಿಬಿಟ್ಟಳು. ಹೇಳುವಾಗ ಅವಳಿಗೆ ಭಯವಾದದ್ದು ಬೈಗುಳಕ್ಕಲ್ಲ. ಇಷ್ಟು ವರ್ಷ ಇದೊಂದನ್ನು ಮುಚ್ಚಿಟ್ಟವಳು ಇನ್ನೇನೇನು ಮುಚ್ಚಿಟ್ಟಿದ್ದಾಳೋ ಎಂದು ಅವರು ಅನುಮಾನಿಸಿಬಿಟ್ಟರೆ? ಆ ಪ್ರಶ್ನೆಗೆ ಅವಳ ಬಳಿ ಯಾವ ರಿಜಿಸ್ಟರೂ ಇರಲಿಲ್ಲ.

ಸಾಹೇಬರು ಕೇಳಿಸಿಕೊಂಡರು. ಕನ್ನಡಕ ತೊಳೆದು ಒರೆಸಿ ಹಾಕಿಕೊಂಡರು. ಅರ್ಜಿಯನ್ನು ಮೇಲಿನಿಂದ ಕೆಳಗೆ ಓದಿದರು, ಹಿಂದೆ ತಿರುಗಿಸಿ ಓದಿದರು. ಒಂದು ಕಡೆ ಬೆರಳು ನಿಂತಿತು. ಮುಖದ ಬಣ್ಣ ಹೋಯಿತು. ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಹೋದರು.

ಮೂರು ದಿನ ಮಾತಿಲ್ಲ, ಕತೆಯಿಲ್ಲ. ಚಹಾ ಕೊಟ್ಟರೆ ಕುಡಿಯುವರು, ಕೇಳಿದರೆ ಗೋಣು ಆಡಿಸುವರು. ಬೈದರೆ ಎದುರು ಬೈಯಬಹುದು, ಸುಮ್ಮನಿರುವ ಗಂಡನಿಗೆ ಏನು ಮಾಡುವುದು? ಸೋಪಿನಕ್ಕ, "ವಯಸ್ಸಲ್ಲಿ ಸಣ್ಣವಳು ಅಂದ್ಕೊಂಡು ಕಟ್ಕೊಂಡು ಮೋಸಹೋದೆ ಅಂತ ಬೇಜಾರೇನೋ" ಎಂದು ಉರಿಯುವ ಗಾಯಕ್ಕೆ ಸೋಪಿನ ನೀರು ಹಾಕಿದಳು. ಗರಿಗರಿಯಕ್ಕ ಅವತ್ತು ಮೊದಲ ಸಲ ಒಂದು ದಿಂಬಿನ ಕವರು ಸುಟ್ಟಳು. ಅಂಗಡಿ ಹಾಳಾಗಿ ಹೋಗಲಿ, ಈ ಮನುಷ್ಯ ಬಾಯಿಬಿಟ್ಟು ಒಂದು ಮಾತಾಡಲಿ ಎಂದೂ ಒಮ್ಮೆ ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನೂ ದುಃಖವಾಯಿತು, ಅಂಗಡಿಯ ಆಸೆ ಅಷ್ಟು ಸುಲಭಕ್ಕೆ ಬಿಡುವುದಾಗಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಸಾಹೇಬರು ಒಳ್ಳೆಯ ಅಂಗಿ ಹಾಕಿಕೊಂಡು, "ನಡಿ. ಸಹಿ ಕಚೇರೀಲೇ ಹಾಕ್ತೀನಿ. ಒಂದು ವಿಷಯ ಕೇಳೋದಿದೆ" ಎಂದರು. ಇನ್ನೇನು ಗ್ರಹಚಾರ ಕಾದಿದೆಯೋ ಎಂದುಕೊಂಡು ಅವಳು ಹಿಂದೆ ಹೊರಟಳು.

ಕಿಟಕಿಯ ಮುಂದೆ ಸಾಹೇಬರು ಅರ್ಜಿ ಬಿಚ್ಚಿ ಹರಡಿದರು. "ಇಲ್ಲಿ ಹನ್ನೊಂದನೇ ಕಲಂ ಇದೆಯಲ್ಲಮ್ಮಾ, ನಾಮಿನಿಯ ಹುಟ್ಟಿದ ತಾರೀಖು. ಇದು ತಪ್ಪಾದ್ರೆ ಏನಾಗುತ್ತೆ?"

"ಅರ್ಜಿ ರದ್ದು ಮಾಡಿ ವಿಚಾರಣೆಗೆ ಕಳಿಸ್ತೀವಿ" ಎಂದಳು ಕನ್ನಡಕದ ಹುಡುಗಿ. "ಆರು ತಿಂಗಳು ಹಿಡಿಯುತ್ತೆ."

"ತಪ್ಪು ಅಂದ್ರೆ, ಒಂಚೂರು ಹೆಚ್ಚುಕಮ್ಮಿ?"

"ಒಂದು ದಿನ ತಪ್ಪಿದ್ರೂ ತಪ್ಪೇ. ನಿಮ್ಮ ಕೆಲಸದ ಕಾರ್ಡು ಇದ್ರೆ ಅದರಲ್ಲಿರೋ ತಾರೀಖು ಬರೀರಿ, ಸಾಕು."

ಸಾಹೇಬರು ಡಿಪೋದ ಕಾರ್ಡು ತೆಗೆದರು. ಪೆನ್ನು ಹಿಡಿದರು. ಪೆನ್ನು ಕಾಗದದಿಂದ ಒಂದು ಬೆರಳು ಮೇಲೆ ನಿಂತುಬಿಟ್ಟಿತು. ಗರಿಗರಿಯಕ್ಕ ಅವರ ಮೊಣಕೈ ತಿವಿದಳು. "ಬರೀರಿ, ಏನು ಯೋಚನೆ?"

"ಬರೆದ್ರೆ ನಿನ್ನ ಅಂಗಡಿ ಹೋಗುತ್ತೆ" ಎಂದರು ಸಾಹೇಬರು, ನೆಲ ನೋಡುತ್ತ.

"ಯಾಕೆ?"

"ಈ ಕಾರ್ಡು ಸುಳ್ಳು ಕಣೇ." ಧ್ವನಿ ಎಷ್ಟು ಸಣ್ಣಗಾಯಿತೆಂದರೆ ಕಿಟಕಿಯ ಹುಡುಗಿ ಮುಂದಕ್ಕೆ ಬಗ್ಗಿದಳು. "ಡ್ರೈವರ್ ಕೆಲಸಕ್ಕೆ ಇಪ್ಪತ್ತೊಂದು ಆಗಿರ್ಬೇಕಿತ್ತು. ನನಗೆ ಹದಿನೇಳು. ನಮ್ಮ ಮಾವ ಡಿಪೋದಲ್ಲಿದ್ರು, ಮೀಸೆ ಬಿಟ್ಕೊಂಡು ಬಾ ಅಂದ್ರು. ನಾಲ್ಕು ವರ್ಷ ಏರಿಸಿ ಬರೆಸಿದ್ರು. ನನಗೆ ಅರವತ್ತೆರಡಲ್ಲ. ಐವತ್ತೆಂಟು."

ಕೂಡಿ ಕಳೆಯುವುದಕ್ಕೆ ಗರಿಗರಿಯಕ್ಕನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಇವಳು ನಾಲ್ಕು ಇಳಿಸಿದ್ದಳು, ಆತ ನಾಲ್ಕು ಏರಿಸಿದ್ದ. ಆರು ವರ್ಷ ದೊಡ್ಡವನಾಗಿದ್ದ ಗಂಡ ನಿಂತ ನಿಲುವಿನಲ್ಲೇ ಎರಡು ವರ್ಷ ಚಿಕ್ಕವನಾಗಿಬಿಟ್ಟಿದ್ದ! ಇಷ್ಟು ಹೊತ್ತು ಸಾಹೇಬರು ಬಂದರು, ಹೋದರು ಎಂದು ಮರ್ಯಾದೆ ಕೊಟ್ಟು ಹೇಳಿದ್ದಾಯಿತು. ಇನ್ನು ಮೇಲೆ ಬಂದ, ಹೋದ ಎಂದರೂ ಧಾರಾಳವಾಗಿ ನಡೆಯುತ್ತದೆ.

"ಏನೋ ನೀನು!" ಎಂದಳು ಅವಳು. ಸಿಟ್ಟು ನೆತ್ತಿಗೇರಿತ್ತು. "ಕುರ್ಚಿ, ಚಹಾ, ತರಕಾರಿ ಚೀಲ! ಲೋಕ ಕಂಡಿದೀನಿ, ಸುಮ್ನಿರು! ಯಾವ ಲೋಕ ಕಂಡಿದ್ದೆಯೋ ನೀನು? ನಾನು ಶಾಲೆಗೆ ಹೋಗ್ತಿದ್ದಾಗ ನೀನು ತೊಟ್ಟಿಲಲ್ಲಿದ್ದೆ!"

"ಶಾಲೆಗೆ ಎರಡು ವರ್ಷಕ್ಕೆ ಯಾರು ಸೇರಿಸ್ಕೋತಾರೆ" ಎಂದ ಅವನು ಮೆಲ್ಲಗೆ.

"ಎದುರು ಮಾತಾಡ್ತೀಯಾ? ದೊಡ್ಡವರು ಹೇಳ್ತಿರುವಾಗ?"

ಅದನ್ನು ಅಂದವಳಿಗೇ ನಗು ತಡೆಯಲಾಗಲಿಲ್ಲ. ಅವನಿಗೂ ತಡೆಯಲಿಲ್ಲ. ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಕಳ್ಳತನ ಮಾಡಿಕೊಂಡು, ಸಿಕ್ಕಿಬೀಳುತ್ತೇನೆಂದು ಒಬ್ಬರಿಗೊಬ್ಬರು ಹೆದರಿ ಬದುಕಿದ್ದರಲ್ಲ! ಗರಿಗರಿಯಕ್ಕ ಕಿಟಕಿಯ ಹಲಗೆ ಹಿಡಿದುಕೊಂಡು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಾಲಿನಲ್ಲಿದ್ದವರೂ ನಗತೊಡಗಿದಾಗ ಕನ್ನಡಕದ ಹುಡುಗಿ ಮೊಹರಿನಿಂದ ಮೇಜು ಬಡಿದಳು.

"ಆಯ್ತು, ನಕ್ಕಿದ್ದು ಸಾಕು! ಅವರ ಹುಟ್ಟಿದ ದಾಖಲೆಯೂ ಬೇಕು. ಇವತ್ತು ನಾಲ್ಕು ಗಂಟೆಯೊಳಗೆ ತಂದ್ರೆ ತಿಂಗಳ ಕೊನೆಗೆ ದುಡ್ಡು ಸಿಗುತ್ತೆ. ನಾಳೆಯಿಂದ ಲೆಕ್ಕ ತಪಾಸಣೆ, ಹದಿನೈದು ದಿನ ಕಿಟಕಿ ಮುಚ್ಚಿರುತ್ತೆ."

ಗಡಿಯಾರದಲ್ಲಿ ಎರಡೂವರೆ. ಅವನು ಹುಟ್ಟಿದ್ದೂ ದೊಡ್ಡಾಸ್ಪತ್ರೆಯಲ್ಲೇ. ಇಬ್ಬರೂ ಬಸ್ಸಿಗೆ ಓಡಿದರು. ಅವನು ಅಭ್ಯಾಸಬಲದಿಂದ ಕಂಡಕ್ಟರನಿಗೆ ಹಿರಿಯರ ಉಚಿತ ಪಾಸು ತೋರಿಸಹೋದ. ಅವಳು ಕಿತ್ತುಕೊಂಡು ಚೀಲಕ್ಕೆ ಹಾಕಿದಳು. "ಟಿಕೆಟ್ ತಗೋ. ಎರಡು ವರ್ಷದಿಂದ ಪುಕ್ಕಟೆ ಓಡಾಡಿದ್ದು ಸಾಕು." ಕಂಡಕ್ಟರು ಅವನ ಕೈಕೆಳಗೆ ಪಳಗಿದವನೇ, ಕಣ್ಣು ಕಣ್ಣು ಬಿಟ್ಟು ನೋಡಿದ. ಸಾಹೇಬ ತೆಪ್ಪಗೆ ಎರಡು ಟಿಕೆಟ್ ತೆಗೆದುಕೊಂಡ.

ನೆಲಮಾಳಿಗೆಯಲ್ಲಿ ಕಡತದಣ್ಣ ಕಪಾಟಿಗೆ ಬೀಗ ಹಾಕಿ ಹೊರಡುವ ಸನ್ನಾಹದಲ್ಲಿದ್ದ. ಹೆಂಗಸು ಕೈ ಮುಗಿದಳು, ಗಂಡಸು ಕೈ ಮುಗಿದ. ಅವನು ಏಣಿ ಹತ್ತಿದ. ಒಂದು ರಿಜಿಸ್ಟರು ಇಳಿಸಿದ, ಅದಲ್ಲ. ಇನ್ನೊಂದು, ಅದರಲ್ಲಿ ಆ ತಿಂಗಳೇ ಹುಳ ತಿಂದಿತ್ತು. ಮೂರುಕಾಲು ಗಂಟೆ. "ಹೆರಿಗೆ ವಾರ್ಡಿನ ಪ್ರತಿ ಒಂದಿರುತ್ತೆ, ತಾಳಿ" ಎಂದು ಅವನು ಇನ್ನೊಂದು ಕಪಾಟಿನೊಳಗೆ ಅರ್ಧ ಮೈ ತೂರಿಸಿದ. ಅಲ್ಲಿ ಸಿಕ್ಕಿತು. ಗಂಡು ಮಗು, ತೂಕ, ತಾರೀಖು. ಇವಳಿಗಿಂತ ಎರಡು ವರ್ಷ ಒಂದು ತಿಂಗಳು ಕೆಳಗೆ. ಕಡತದಣ್ಣ ನಕಲು ಬರೆಯುತ್ತ ಒಮ್ಮೆ ಇವನನ್ನು, ಒಮ್ಮೆ ಇವಳನ್ನು ನೋಡಿದ. ಮೀಸೆ ಅಲುಗಿತು.

ಮತ್ತೆ ಬಸ್ಸಿಗೆ ಕಾಯುವಷ್ಟು ಹೊತ್ತಿರಲಿಲ್ಲ. ಅಡ್ಡದಾರಿಗಳೆಲ್ಲ ಸಾಹೇಬನಿಗೆ ಅಂಗೈಯ ಗೆರೆ. ಅವನು ಮುಂದೆ, ಅವಳು ಹಿಂದೆ, ಮೀನು ಮಾರುವವರ ನಡುವೆ ನುಗ್ಗಿ, ಮುದ್ರಣಾಲಯದ ಹಿತ್ತಲು ದಾಟಿ ಓಡಿದರು. ಮೂಳೆ ಡಾಕ್ಟರು ಮೆಚ್ಚಿದ ಮಂಡಿ ಅವತ್ತು ಕೆಲಸಕ್ಕೆ ಬಂತು. ಅವನಿಗೇ ಏದುಸಿರು. "ಐವತ್ತೆಂಟಕ್ಕೇ ಹೀಗಾ? ಓಡೋ!" ಎಂದು ಅವಳು ಅಂಗಿ ಹಿಡಿದು ಎಳೆದಳು. ಕನ್ನಡಕದ ಹುಡುಗಿ ಕಿಟಕಿಯ ಬಾಗಿಲಿಗೆ ಕೈ ಹಾಕಿದ್ದಳು, ಇವರನ್ನು ನೋಡಿ ಕೈ ತೆಗೆದಳು. ಅವನು ಹನ್ನೊಂದನೆಯ ಕಲಂನಲ್ಲಿ ಹುಟ್ಟಿದ ನಿಜವಾದ ತಾರೀಖು ಬರೆದ. ಆಮೇಲೆ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದ. ಮೂರು ಐವತ್ತೇಳಕ್ಕೆ ಸಹಿ ಹಾಕಿದ. ಗರಿಗರಿಯಕ್ಕನಿಗೆ ಅವನ ಕತ್ತು ಹಿಸುಕುವಷ್ಟು ಆತುರವಾಗಿತ್ತು, ಅಷ್ಟೇ ಪ್ರೀತಿಯೂ ಉಕ್ಕಿತ್ತು.

ತಿಂಗಳ ಕೊನೆಯ ದಿನ ದುಡ್ಡು ಪೂರ್ತಿ ಬಂತು. ಹತ್ತಕ್ಕೆ ಹತ್ತೂ ಪಾಲು. ತಾತ ಅಂಗಡಿಯ ಬೀಗದಕೈ ಅವಳ ಅಂಗೈಯಲ್ಲಿಟ್ಟ. ಚಪ್ಪಲಿ ಅಂಗಡಿಯವನು ಮುಖ ಊದಿಸಿಕೊಂಡು ಹೋದ. ಆಸ್ಪತ್ರೆಯವರು ಅರವತ್ತು ದಾಟಿದೆ ಎಂದು ತಿಳಿದ ಕೂಡಲೇ ನಿವೃತ್ತಿಯ ಕಾಗದ ಕಳಿಸಿದರು. ಕೆಲಸ ಬಿಡುತ್ತೇನೆಂದು ಮೇಲ್ವಿಚಾರಕನ ಮೇಜಿನ ಮೇಲೆ ಚೀಟಿ ಎಸೆಯುವ ಸುಖ ಮಾತ್ರ ಅವಳಿಗೆ ತಪ್ಪಿಹೋಯಿತು. ಅದಕ್ಕಾಗಿ ಎರಡು ದಿನ ಗೊಣಗಿದಳು.

ಹೊಸ ಅಂಗಡಿಗೆ ಮೊದಲು ಬಂದವರು ಎದುರು ಬೀದಿಯ ಶಾಲೆಯ ಮೇಷ್ಟ್ರು. ಒಂದು ತಿಳಿನೀಲಿ ಅಂಗಿ ಕೊಟ್ಟು ಸಂಜೆ ಬರುತ್ತೇನೆಂದು ಹೋದರು. ಗರಿಗರಿಯಕ್ಕ ಆ ಒಂದು ಅಂಗಿಯ ಮೇಲೆ ಇಪ್ಪತ್ತು ಬೆಡ್‌ಶೀಟಿನಷ್ಟು ಹೊತ್ತು ನಿಂತಳು. ತೋಳಿನ ಗೆರೆ, ಗುಂಡಿಯ ಸುತ್ತ, ಕಾಲರಿನ ಒಳಗೆ, ಹೊರಗೆ. ಕಾಲರಿನ ಒಳಗೆ ಯಾವ ನಂಬರೂ ಇರಲಿಲ್ಲ. ಸಾಹೇಬ ಮುಂದಿನ ಸ್ಟೂಲಿನ ಮೇಲೆ ಕೂತು ಚೀಟಿ ಬರೆಯುವ ಕೆಲಸ ವಹಿಸಿಕೊಂಡಿದ್ದ. ಮುತ್ತಿನಂಥ ಅಕ್ಷರ ಇತ್ತಲ್ಲ.

ಸಂಜೆ ಮೇಷ್ಟ್ರು ಬಂದರು. ಅಂಗಿ ಬಿಡಿಸಿ ಬೆಳಕಿಗೆ ಹಿಡಿದರು. ಕಾಲರಿನ ಮೇಲೆ ಬೆರಳಾಡಿಸಿದರು. ಹಬೆಯ ಹಿಂದೆ ನಿಂತ ಗರಿಗರಿಯಕ್ಕ ಉಸಿರು ಹಿಡಿದುಕೊಂಡಿದ್ದಳು. ಮೇಷ್ಟ್ರ ಮುಖ ಮೆಲ್ಲಗೆ ಅರಳಿತು.

"ಆಹಾ! ಹೊಸದು ಕೊಂಡಾಗಲೂ ಹೀಗಿರ್ಲಿಲ್ಲ ಇದು. ಯಾರ್ರೀ ಸಾಹೇಬ್ರೇ ಇಸ್ತ್ರಿ ಹಾಕಿದ್ದು?"

ಡ್ರೈವರ್ ಸಾಹೇಬ ಸ್ಟೂಲಿನಿಂದ ಎದ್ದು ನಿಂತ. ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ಒಳಗಡೆಗೆ ಕೈ ತೋರಿಸಿ, ಬೀದಿಗೆಲ್ಲ ಕೇಳುವಂತೆ ಹೇಳಿದ:

"ನಮ್ಮನೆ ಹಿರಿಯರು."